ಟ್ರೇಲರ್ ಲೈಟಿನ ಗೋಳು ಕೊನೆಗೂ ಮುಗಿಯಿತು

ಗೋವಾದ ವಾಸ್ಕೋದ ನಮ್ಮ ಮನೆಯಿಂದ ಭಾವನ ಚಿಕ್ಕ ಫೈಬರ್ ದೋಣಿಯನ್ನು ಜುವಾರಿ ನದಿಯ ದಡಕ್ಕೆ ಒಯ್ಯಲೆಂದು ಎಸ್‌ಯುವಿಗೆ ಹಿಚ್ (ಟ್ರೇಲರ್ ಎಳೆಯುವ ಕೊಂಡಿ) ಹಾಕಿಸಿದೆ. ಟ್ರೇಲರ್ ದೀಪಗಳಿಗೆ ಕರೆಂಟು ಕೊಡುವ 7 ಪಿನ್ ಸಾಕೆಟ್‌ನ ವೈರಿಂಗ್ ಮಾತ್ರ ನಾನೇ ಮಾಡಿದ್ದು. ಮೊದಲ ಸಂಜೆಯೇ ಎಡವಟ್ಟು: ಎಡ ಇಂಡಿಕೇಟರ್ ಹಾಕಿದರೆ ಟ್ರೇಲರಿನ ಬ್ರೇಕ್ ಲೈಟೂ ಜೊತೆಗೆ ಮಿಣುಕುತ್ತಿತ್ತು. ಹಿಂದೆ ಬರುವವರಿಗೆ ನಾನು ತಿರುಗುತ್ತೇನೋ ನಿಲ್ಲುತ್ತೇನೋ ಗೊತ್ತಾಗದು. ನಿಜಕ್ಕೂ ಹೆದರಿಕೆಯಾಯಿತು.

ಬಲ್ಬ್ ಬದಲಿಸಿದೆ, ಫ್ಯೂಸ್ ನೋಡಿದೆ, ಏನೂ ಆಗಲಿಲ್ಲ.

ಲೈಟ್ ಉರಿಯುವಾಗ ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಟ್ರೇಲರ್ ಚಾಸಿಗೆ (ಲೋಹದ ಚೌಕಟ್ಟಿಗೆ) ಇಟ್ಟೆ. ಸೊನ್ನೆಯ ಹತ್ತಿರ ಇರಬೇಕಾದಲ್ಲಿ 4 ವೋಲ್ಟ್! ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ಸಂಪರ್ಕ, ಕೆಟ್ಟಿತ್ತು. ಮರಳುವ ದಾರಿ ಸಿಗದ ಕರೆಂಟು ಬ್ರೇಕ್ ಬಲ್ಬಿನ ಮೂಲಕ ನುಸುಳುತ್ತಿತ್ತು.

3ನೇ ಪಿನ್ನಿನ ಬಿಳಿ ವೈರ್ ಅರ್ಥಿಂಗಿನದು. ಅದನ್ನು ಬಣ್ಣ ಬಳಿದ ಬೋಲ್ಟಿಗೆ ಕಟ್ಟಿದ್ದೆ, ಮೇಲೆ ಕಡಲಿನ ಉಪ್ಪುಗಾಳಿಯ ತುಕ್ಕು ಬೇರೆ. ಟ್ರೇಲರ್ ಕೂರುವ ಹಿಚ್ ಬಾಲ್ (ಲೋಹದ ಗುಂಡು) ಮೂಲಕ ಅರ್ಥಿಂಗ್ ಸಿಗುತ್ತದೆ ಎಂದು ನಂಬಲೇಬಾರದು. ಅಲ್ಲಿ ಗ್ರೀಸ್ ಇರುತ್ತದೆ, ಕುಲುಕಾಟವೂ ಇರುತ್ತದೆ. ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ 2.5 ಚದರ ಮಿ.ಮೀ. ವೈರನ್ನು ರಿಂಗ್ ಟರ್ಮಿನಲ್, ಹಲ್ಲಿನ ವಾಷರ್ ಹಾಕಿ ಬಿಗಿದೆ. ಟ್ರೇಲರಿನ ಪ್ರತಿ ದೀಪಕ್ಕೂ ಬೇರೆ ಅರ್ಥ್ ವೈರ್ ಎಳೆದೆ. ಮೇಲೆ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್.

ಈಗ 0.1 ವೋಲ್ಟ್. ದೋಣಿ ನೀರಿಗಿಳಿಸುವ ಮುನ್ನ ಪ್ಲಗ್ ಕೀಳುತ್ತೇನೆ, ಬಿಸಿ ಬಲ್ಬ್ ತಣ್ಣೀರಿಗೆ ಬಿದ್ದರೆ ಸಿಡಿಯಬಹುದು.