ಆಲ್ಬರ್ಸ್ ಚೌಕಗಳನ್ನು ಸ್ಕ್ರೀನ್ ಪ್ರಿಂಟ್ ಮಾಡಿದ ನನ್ನ ಅನುಭವ
ಚಿತ್ರಕಾರ ಯೋಸೆಫ್ ಆಲ್ಬರ್ಸ್ ಹುಟ್ಟಿದ್ದು 1888ರಲ್ಲಿ, ಜರ್ಮನಿಯ ಬೊಟ್ರೊಪ್‌ನಲ್ಲಿ. ಅಪ್ಪ ಮನೆಗಳಿಗೆ ಬಣ್ಣ ಬಳಿಯುವವರು. ಮಗ ಬೌಹೌಸ್ ಎಂಬ ಕಲಾಶಾಲೆಯಲ್ಲಿ ಕಲಿತು ಅಲ್ಲೇ ಮೇಷ್ಟ್ರಾದರು, 1933ರಲ್ಲಿ ನಾಜಿಗಳ ಕಾಟಕ್ಕೆ ಆ ಶಾಲೆ ಮುಚ್ಚಿದ ಮೇಲೆ ಅಮೆರಿಕಕ್ಕೆ ಹೋದರು. ಈಗ ಬೊಟ್ರೊಪ್‌ನಲ್ಲಿ ಅವರ ಹೆಸರಿನದೇ ಮ್ಯೂಸಿಯಂ ಇದೆ. ಒಂದರೊಳಗೊಂದು ಕೂತ ಅವರ ಬಣ್ಣದ ಚೌಕಗಳ ಸ್ಕ್ರೀನ್ ಪ್ರಿಂಟ್ (ಬಿಗಿದ ಬಟ್ಟೆಯ ಮೂಲಕ ಇಂಕ್ ಒತ್ತಿ ಹಾಕಿದ ಅಚ್ಚು) ಹತ್ತಿರದಿಂದ ನೋಡಿದಾಗ ನನ್ನ ಕಣ್ಣು ನಿಂತಿದ್ದು ಬಣ್ಣದ ಮೇಲಲ್ಲ, ಅಂಚಿನ ಮೇಲೆ. ಎರಡು ಬಣ್ಣ ಸೇರುವ ಕಡೆ ಗೆರೆಯೇ ಇಲ್ಲ! ಇದನ್ನು ಕೈಯಾರೆ ಮಾಡಿ ಕಲಿಯಬೇಕು ಅನ್ನಿಸಿತು.

ಅಳತೆ ಸುಲಭ. ನಾನು ಹೊರಗಿನ ಚೌಕ 40 ಸೆಂ.ಮೀ. ಇಟ್ಟುಕೊಂಡೆ, ಒಳಗೆ 32, 24, 16. ಪ್ರತಿ ಚೌಕದ ಸುತ್ತ ಉಳಿಯುವ ಜಾಗ ಕೆಳಗೆ 2, ಪಕ್ಕಕ್ಕೆ 4, ಮೇಲೆ 6 ಸೆಂ.ಮೀ. ಅಂದರೆ 1:2:3. ಅದಕ್ಕೇ ಚೌಕಗಳು ಕೆಳಕ್ಕೆ ಕೂತ ಹಾಗೆ ಕಾಣುತ್ತವೆ.

ಕಷ್ಟ ಶುರುವಾಗುವುದು ಇಲ್ಲಿ. ಮದುವೆ ಕಾರ್ಡ್ ಪ್ರಿಂಟ್ ಮಾಡುವಾಗ ನಾವು ಒಂದು ಬಣ್ಣವನ್ನು ಇನ್ನೊಂದರ ಮೇಲೆ ಚೂರು ಹತ್ತಿಸುತ್ತೇವೆ, ಕಾಗದ ಸ್ವಲ್ಪ ಜರುಗಿದರೂ ನಡುವೆ ಬಿಳಿ ಕಾಣಬಾರದು ಅಂತ. ಇಲ್ಲಿ ಹಾಗೆ ಮಾಡಿದರೆ ಅಂಚಿನಲ್ಲಿ ಮೂರನೇ ಬಣ್ಣದ ಗೆರೆ ಏಳುತ್ತದೆ, ಆಟವೇ ಮುಗಿಯಿತು. ಹಾಗಾಗಿ ಸ್ಕ್ರೀನ್‌ಗೆ ಆಕಾರ ಕೊಡುವ ಫಿಲ್ಮ್‌ನಲ್ಲೇ ಹೊರಗಿನ ಮೂರನ್ನೂ ಒಳಗೆ ಖಾಲಿ ಇರುವ ಚೌಕಟ್ಟುಗಳಾಗಿ ಕತ್ತರಿಸಿದೆ. ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್. ಕಾಗದವನ್ನು ಹಿಂದಿನ ದಿನವೇ ಪ್ರಿಂಟ್ ಮಾಡುವ ಕೋಣೆಯಲ್ಲಿ ಬಿಡಿಸಿಟ್ಟೆ, ತೇವಕ್ಕೆ ಅದು ಹಿಗ್ಗುತ್ತದೆ ಅಲ್ವಾ, ಆಮೇಲೆ ಯಾವ ಅಂಚೂ ಕೂಡಲ್ಲ. ಕಾಗದ ತಾಗಿಸಿಡಲು ಉದ್ದ ಬದಿಗೆ ಎರಡು ಗೈಡ್, ಅಡ್ಡ ಬದಿಗೆ ಒಂದು. ನಾಲ್ಕೂ ಬಣ್ಣಕ್ಕೆ ಕಾಗದದ ಅದೇ ಮೂಲೆ ಅಲ್ಲೇ ತಾಗಬೇಕು. ಸ್ಕ್ವೀಜಿ, ಅಂದರೆ ಇಂಕ್ ಒತ್ತುವ ರಬ್ಬರ್ ಪಟ್ಟಿ, ಎಳೆಯುವ ದಿಕ್ಕನ್ನೂ ಬದಲಾಯಿಸಲಿಲ್ಲ. ಒತ್ತಿ ಎಳೆದರೆ ಬಟ್ಟೆ ಜಗ್ಗುತ್ತದೆ, ಅಂಚು ಜರುಗುತ್ತದೆ.

ಬಣ್ಣ ಬೆರೆಸುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಆಲ್ಬರ್ಸ್ ತಮ್ಮ ತರಗತಿಯಲ್ಲಿ ಬಣ್ಣದ ಕಾಗದದ ತುಂಡುಗಳನ್ನು ಪಕ್ಕಪಕ್ಕ ಇಡಿಸಿ ಕಲಿಸುತ್ತಿದ್ದರು. ನಾನೂ ಹಾಗೇ ಮಾಡಿದೆ: ಸ್ಯಾಂಪಲ್ ಪ್ರಿಂಟ್ ತೆಗೆದು, ಪೂರ್ತಿ ಒಣಗಿಸಿ, ಕತ್ತರಿಸಿ, ಕಿಟಕಿ ಪಕ್ಕ ಜೋಡಿಸಿ ನೋಡುವುದು. ಹಸಿ ಇಂಕ್ ನೋಡಿ ತೀರ್ಮಾನಿಸಬೇಡಿ, ಒಣಗಿದ ಮೇಲೆ ಅದೇ ಬೇರೆ. ನನ್ನ ಕಾವಿ ಹಳದಿ ಒಂದು ಬೂದು ಬಣ್ಣದ ಪಕ್ಕ ಹಸಿರು ಹಸಿರಾಗಿ ಕಂಡಿತು. ಹಳದಿಯನ್ನು ಮುಟ್ಟಲಿಲ್ಲ, ಬೂದು ಬಣ್ಣಕ್ಕೆ ಚೂರು ಹಸಿರು ಬೆರೆಸಿದೆ. ಸರಿಹೋಯಿತು.

ಪೇಂಟಿಂಗ್‌ಗಳಲ್ಲಿ ಆಲ್ಬರ್ಸ್ ಟ್ಯೂಬಿನ ಬಣ್ಣವನ್ನು ನೇರವಾಗಿ ಚಾಕುವಿನಿಂದ ಬಳಿದು, ಯಾವ ಬಣ್ಣ, ಯಾವ ಕಂಪನಿಯದು ಅಂತ ಹಿಂಬದಿಗೆ ಬರೆದಿಡುತ್ತಿದ್ದರು. ಎಂಥ ಒಳ್ಳೆ ಅಭ್ಯಾಸ! ನಾನೂ ಪ್ರತಿ ಸ್ಯಾಂಪಲ್ ಹಿಂದೆ ಇಂಕ್ ಹೆಸರು, ಗ್ರಾಂ ಲೆಕ್ಕ ಬರೆದಿಟ್ಟೆ. ಪ್ರಿಂಟ್‌ನಲ್ಲಿ ಟ್ಯೂಬಿನ ಬಣ್ಣ ನಡೆಯಲ್ಲ, ಆ ಬಣ್ಣವನ್ನು ಇಂಕಿನಲ್ಲಿ ಬೆರೆಸಿ ತರಬೇಕು. 1962ರಲ್ಲಿ ಹತ್ತು ಚೌಕಗಳ ಪ್ರಿಂಟ್ ಸಂಪುಟ ಹೊರತಂದ ನಾರ್ಮನ್ ಐವ್ಸ್ ಮತ್ತು ಸೂವೆಲ್ ಸಿಲ್ಮನ್ ಇಬ್ಬರೂ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಸ್ ಬಳಿ ಕಲಿತವರು. ಆ ಕೆಲಸದ ಅರ್ಧ ಶ್ರೇಯಸ್ಸು ಇಂಥವರಿಗೆ ಸಲ್ಲಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ.

ಈಗ ಅದೇ ಅಳತೆಯಲ್ಲಿ ಬರೀ ಬೂದು ಬಣ್ಣಗಳನ್ನು ಪ್ರಿಂಟ್ ಮಾಡುತ್ತಿದ್ದೇನೆ. ಹತ್ತಿರದ ಬೂದುಗಳ ನಡುವೆ ಬಿಳಿ ಕೂದಲೆಳೆಯಷ್ಟು ಇಣುಕಿದರೂ ಎದ್ದು ಕಾಣುತ್ತದೆ, ಅದಕ್ಕೇ ಫಿಲ್ಮ್‌ಗಳನ್ನು ಮತ್ತೆ ಹೊಸದಾಗಿ ಕತ್ತರಿಸುತ್ತಿದ್ದೇನೆ.