ಚಳಿಗಾಲದಲ್ಲಿ ಹಂದಿಮರಿಗೆ ಹಾಲು ಬಿಡಿಸುವುದು: ನಮ್ಮ ಕೊಟ್ಟಿಗೆಯ ಅನುಭವ

ಹಂದಿಯ ಗಬ್ಬ 114 ದಿನ, ಹೆಚ್ಚುಕಮ್ಮಿ. ಜೂನ್ ಕೊನೆಗೆ ಗಬ್ಬ ಕಟ್ಟಿದ್ದು ಅಕ್ಟೋಬರ್ ಕೊನೆಯ ಹೊತ್ತಿಗೆ ಮರಿ ಹಾಕುತ್ತದೆ, ಅಲ್ಲಿಂದ ಆರೇಳು ವಾರ ಅಂದ್ರೆ ಸರಿಯಾಗಿ ಡಿಸೆಂಬರ್. ತೀರ್ಥಹಳ್ಳಿ ಕಡೆ ಆಗ ಅಡಿಕೆ ಕೊಯ್ಲು, ಗದ್ದೆ ಕೊಯ್ಲು ಎರಡೂ ಒಟ್ಟಿಗೇ ಬಂದಿರುತ್ತದೆ. ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ, ಬೆಳಗ್ಗೆ ಒಂಬತ್ತಾದರೂ ಮಂಜು ಬಿಟ್ಟಿರುವುದಿಲ್ಲ. ಅಂಥ ಹೊತ್ತಲ್ಲೇ ಮರಿಗಳನ್ನು ತಾಯಿಯಿಂದ ಬಿಡಿಸಬೇಕು. ನಮ್ಮದು ದೊಡ್ಡ ಫಾರ್ಮ್ ಏನಲ್ಲ. ತೋಟದ ಪಕ್ಕ ಒಂದು ಶೆಡ್, ಕೆಲವೇ ಯಾರ್ಕ್‌ಶೈರ್ ತಳಿಯ ತಾಯಂದಿರು. ಹಾಗಾಗಿ ಇಲ್ಲಿ ಹೇಳುವುದು ಅಷ್ಟಕ್ಕೇ ಸರಿ.

ನಾನು ಪಾಲಿಸುವುದು ಒಂದೇ ನಿಯಮ. ಒಂದು ದಿನಕ್ಕೆ ಒಂದೇ ಬದಲಾವಣೆ. ತಾಯಿ ಹೋದ ದಿನ ಜಾಗ ಅದೇ, ಬಾನಿ ಅದೇ, ಆಹಾರ ಅದೇ, ಜೊತೆಯ ಮರಿಗಳೂ ಅವೇ ಇರಬೇಕು. ತುಂಬಾ ಜನ ಮರಿಗಳನ್ನು ಹೊಸ ಗೂಡಿಗೆ ಹಾಕಿ ತಾಯಿಯನ್ನು ಅಲ್ಲೇ ಬಿಡುತ್ತಾರೆ. ನಾನು ತಾಯಿಯನ್ನೇ ಹೊರಗೆ ಕರೆದುಕೊಂಡು ಹೋಗುತ್ತೇನೆ, ಅದೂ ದೂರಕ್ಕೆ, ಕೂಗಿದರೆ ಕೇಳದಷ್ಟು. ಮರಿಗಳು ಹುಟ್ಟಿದ ಗೂಡಲ್ಲೇ ಇನ್ನೂ ಒಂದು ವಾರ ಇರುತ್ತವೆ. ಮಲಗುವ ಮೂಲೆ ಗೊತ್ತು, ನೀರು ಎಲ್ಲಿದೆ ಗೊತ್ತು. ಮೊದಲ ರಾತ್ರಿ ಕಿರುಚಾಟ ಇದ್ದೇ ಇರುತ್ತದೆ, ಆದರೆ ತಿನ್ನುವುದು ಬಿಡುವುದಿಲ್ಲ.

ದೊಡ್ಡ ಫಾರ್ಮುಗಳಲ್ಲಿ 28 ದಿನಕ್ಕೇ ಬಿಡಿಸುತ್ತಾರೆ. ಅವರಿಗೆ ಬಿಸಿ ಮಾಡುವ ವ್ಯವಸ್ಥೆ ಇದೆ, ಹಾಲಿನ ಪುಡಿ ಹಾಕಿದ ಫೀಡ್ ಇದೆ. ನಮ್ಮಂಥವರು ಚಳಿಯಲ್ಲಿ 45 ದಿನಕ್ಕೆ ಮೊದಲು ಕೈ ಹಾಕದಿರುವುದು ಒಳ್ಳೆಯದು. ವ್ಯಾಪಾರಿಗಳು ಸುಮ್ನೆ ಅವಸರ ಮಾಡುತ್ತಾರೆ. "ಏನ್ ಮಾರಾಯ್ರೆ, ಇನ್ನೂ ತಾಯಿ ಹತ್ರಾನೇ ಬಿಟ್ಕೊಂಡಿದ್ದೀರಾ, ಮೇವು ದಂಡ ಅಲ್ವಾ?" ಅಂತ ಒಬ್ಬರು ಪ್ರತಿ ವರ್ಷ ಕೇಳುತ್ತಾರೆ. ದಂಡ ಏನೂ ಇಲ್ಲ. ತಾಯಿಯ ಹಾಲು ಮೂರು ನಾಲ್ಕನೇ ವಾರಕ್ಕೆ ಏರಿ ಆಮೇಲೆ ತಾನಾಗೇ ಇಳಿಯುತ್ತದೆ. ಆ ಇಳಿಯುವ ದಿನಗಳಲ್ಲೇ ಮರಿ ಹಸಿದು ಬಾನಿಗೆ ಬಾಯಿ ಹಾಕುವುದು. ಆ ಅವಕಾಶ ಕೊಡದೆ ಎಳೆದುಕೊಂಡರೆ ಭೇದಿ ಗ್ಯಾರಂಟಿ.

ಹೊಟ್ಟೆಯನ್ನು ಸಿದ್ಧ ಮಾಡುವ ಕೆಲಸ ಎರಡನೇ ವಾರದಲ್ಲೇ ಶುರುವಾಗುತ್ತದೆ. ಗೂಡಿನ ಒಂದು ಮೂಲೆಗೆ ಅಡ್ಡ ಹಲಗೆ ಹಾಕಿ, ಮರಿ ಮಾತ್ರ ನುಸುಳುವಷ್ಟು ಸಂದು ಬಿಟ್ಟು, ಒಳಗೆ ಅಗಲವಾದ ತಟ್ಟೆಯಲ್ಲಿ ಒಂದು ಹಿಡಿ ಕ್ರೀಪ್ ಫೀಡ್, ಅಂದ್ರೆ ಹಾಲು ಕುಡಿಯುವ ಮರಿಗಷ್ಟೇ ಕೊಡುವ ಆಹಾರ, ಇಡುತ್ತೇನೆ. ಮೊದಲ ದಿನಗಳಲ್ಲಿ ಅದರಲ್ಲಿ ಹೊರಳಾಡುವುದೇ ಜಾಸ್ತಿ, ತಿನ್ನುವುದು ಕಡಿಮೆ. ಉಳಿದದ್ದನ್ನು ಸಂಜೆ ತೆಗೆದು ತಾಯಿಗೆ ಹಾಕಿ ಮರುದಿನ ಹೊಸದು ಇಡಬೇಕು. ಇಬ್ಬನಿಯ ತೇವಕ್ಕೆ ಫೀಡ್ ಒಂದೇ ರಾತ್ರಿಗೆ ಹುಳಿ ವಾಸನೆ ಹೊಡೆಯುತ್ತದೆ, ಅದನ್ನು ಮರಿ ಮೂಸಿಯೂ ನೋಡುವುದಿಲ್ಲ.

ನಾನು ಮನೆಯಲ್ಲೇ ಬೆರೆಸುವುದು ನೂರು ಕೆ.ಜಿ. ಲೆಕ್ಕದಲ್ಲಿ ಹೀಗೆ: ಮೆಕ್ಕೆಜೋಳದ ನುಚ್ಚು 60, ಸೋಯಾ ಹಿಂಡಿ 20, ಗೋಧಿ ಬೂಸಾ 10, ಒಣಮೀನಿನ ಪುಡಿ 8, ಖನಿಜ ಮಿಶ್ರಣ ಒಂದೂವರೆ, ಉಪ್ಪು ಅರ್ಧ. ಪ್ರೋಟೀನ್ ಸುಮಾರು ಶೇ 20ಕ್ಕೆ ಬರುತ್ತದೆ, ಈ ವಯಸ್ಸಿಗೆ ಅಷ್ಟು ಬೇಕು. ಜೋಳ ಶಿಕಾರಿಪುರದ ಕಡೆಯಿಂದ, ಮೀನು ಘಟ್ಟದ ಕೆಳಗಿನಿಂದ. ಮೀನು ಕೊಳ್ಳುವಾಗ ಉಪ್ಪು ಹಾಕಿ ಒಣಗಿಸಿದ್ದು ಬೇಡ. ಹಂದಿಗೆ ಉಪ್ಪು ಹೆಚ್ಚಾಗಿ ನೀರು ಕಡಿಮೆಯಾದರೆ ಅದು ವಿಷವೇ. ಸೋಯಾ ಬದಲು ಶೇಂಗಾ ಹಿಂಡಿಯೂ ಆಗುತ್ತದೆ, ಆದರೆ ಮಲೆನಾಡಿನ ಥಂಡಿಗೆ ಅದಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡ ಹಿಂಡಿಯನ್ನು ಬಿಸಿಲಿಗೆ ಹಾಕಿ ಕೊಡುವ ಉಪಾಯ ಬೇಡ, ಅದರ ವಿಷ ಬಿಸಿಲಿಗೆ ಹೋಗಿಬಿಡುವುದಿಲ್ಲ. ಅಕ್ಕಿ ತೌಡು, ಬಾಳೆ ದಿಂಡು, ಬೇಯಿಸಿದ ಕೆಸು ಎಲ್ಲಾ ದೊಡ್ಡ ಹಂದಿಗೆ ಸರಿ. ಎಳೆ ಮರಿಯ ಹೊಟ್ಟೆಗೆ ಅಷ್ಟು ನಾರು ಆಗಿಬರುವುದಿಲ್ಲ. ಹೋಟೆಲಿನ ಎಂಜಲು ಮರಿಗಳ ಹತ್ತಿರಕ್ಕೂ ತರುವುದಿಲ್ಲ. 2020ರಲ್ಲಿ ಅಸ್ಸಾಂ, ಅರುಣಾಚಲದ ಕಡೆ ಆಫ್ರಿಕನ್ ಹಂದಿಜ್ವರ ಬಂದ ಮೇಲಂತೂ ದೊಡ್ಡವಕ್ಕೂ ಚೆನ್ನಾಗಿ ಕುದಿಸದೆ ಹಾಕುವ ಮಾತಿಲ್ಲ, ಆ ರೋಗಕ್ಕೆ ಔಷಧಿಯೇ ಇಲ್ಲ.

ಇನ್ನು ಚಳಿ. ನಮ್ಮಲ್ಲಿ ಹಗಲು 28-30 ಡಿಗ್ರಿ, ರಾತ್ರಿ 14ಕ್ಕೆ ಇಳಿಯುತ್ತದೆ. ಹಾಲು ಬಿಡಿಸಿದ ಮರಿಗೆ ಬೇಕಾದದ್ದು 26-28. ತಾಯಿಯ ಮೈಬಿಸಿಯೂ ಇಲ್ಲ, ಹಾಲೂ ಇಲ್ಲ. ತಿಂದದ್ದೆಲ್ಲ ಮೈ ಬಿಸಿ ಮಾಡಿಕೊಳ್ಳುವುದಕ್ಕೇ ಹೋದರೆ ತೂಕ ಎಲ್ಲಿಂದ ಬರಬೇಕು? ಬಲ್ಬು ಹಾಕಿ ಎಂದು ಎಲ್ಲರೂ ಹೇಳುತ್ತಾರೆ, ಹಾಕಿದ್ದೇನೆ, ಆದರೆ ಕರೆಂಟ್ ಹೋಗುವುದು ನಡುರಾತ್ರಿಯಲ್ಲೇ. ಅದಕ್ಕೇ ನನ್ನ ನಂಬಿಕೆ ಹುಲ್ಲಿನ ಮೇಲೆ. ಮೂಲೆಯಲ್ಲಿ ಹಳೇ ಹಲಗೆಗಳಿಂದ ತಗ್ಗು ಚಾವಣಿ ಮಾಡಿ, ಮೇಲೆ ಗೋಣಿಚೀಲ ಹೊದಿಸಿ, ಒಳಗೆ ಮೊಣಕಾಲುದ್ದ ಹೊಸ ಭತ್ತದ ಹುಲ್ಲು ತುಂಬುತ್ತೇನೆ. ಮರಿಗಳು ಅದರೊಳಗೆ ಹೂತುಕೊಂಡು ತಮ್ಮ ಬಿಸಿಗೆ ತಾವೇ ಬೆಚ್ಚಗಿರುತ್ತವೆ. ಹುಲ್ಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಇನ್ನೊಂದು ಬರುತ್ತದೆ, ಬೆಳಗ್ಗೆ ಹುಲ್ಲು ಕೆದಕುವಾಗ ಕೈ ಹಾಕದೆ ಕೋಲು ಹಾಕಿ.

ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡುವಾಗ ನಿಂತು ನೋಡಬೇಡಿ. ಕುಕ್ಕರಗಾಲಲ್ಲಿ ಕೂತು, ಮರಿಯ ಬೆನ್ನಿನ ಎತ್ತರಕ್ಕೆ ಊದುಬತ್ತಿ ಹಿಡಿಯಿರಿ. ನಮ್ಮ ಶೆಡ್ಡಿನಲ್ಲಿ ಹೊಗೆ ಸೀದಾ ಮಲಗುವ ಮೂಲೆಗೇ ಓಡಿತು, ನೀರು ಹೋಗುವ ತೂತಿನಿಂದ ಗಾಳಿ ಬರುತ್ತಿತ್ತು. ಅಲ್ಲಿಗೆ ಒಂದು ಹಲಗೆ ಕೊಟ್ಟೆ. ಆದರೆ ಇಡೀ ಶೆಡ್ಡಿಗೆ ಟಾರ್ಪಾಲು ಬಿಗಿಯುವುದು ತಪ್ಪು, ಗಂಜಳದ ಘಾಟು ಒಳಗೇ ನಿಂತು ಕೆಮ್ಮು ಶುರುವಾಗುತ್ತದೆ. ಮೇಲೆ ಗಾಳಿ ಆಡಬೇಕು, ಕೆಳಗೆ ಆಡಬಾರದು. ನೆಲ ತೊಳೆಯುವುದು ಬಿಸಿಲೇರಿದ ಮೇಲೆ, ಹನ್ನೊಂದರ ನಂತರ. ಸಂಜೆಗೆ ಸಿಮೆಂಟು ಮುಟ್ಟಿದರೆ ಅಂಗೈ ಒದ್ದೆಯಾಗಬಾರದು.

ರಾತ್ರಿ ಒಮ್ಮೆ ಟಾರ್ಚ್ ಹಾಕಿ ನೋಡಿದರೆ ಮರಿಗಳೇ ಎಲ್ಲಾ ಹೇಳುತ್ತವೆ. ಸಾಲಾಗಿ ಮೈಗೆ ಮೈ ತಾಗಿಸಿ ಮಲಗಿದ್ದರೆ ಸರಿ. ಒಂದರ ಮೇಲೊಂದು ರಾಶಿ ಬಿದ್ದಿದ್ದರೆ ಚಳಿ. ಆ ರಾಶಿಯ ಅಂಚಿನಲ್ಲಿ ಒಂದು ಸಣ್ಣದು ಇರುತ್ತದೆ, ಬೆನ್ನಿನ ಕೂದಲು ನಿಮಿರಿ, ಬಾಲ ಜೋತುಬಿದ್ದು, ಮೇಲೆ ಹತ್ತಲು ಹೋಗಿ ಹೋಗಿ ಜಾರುತ್ತಿರುತ್ತದೆ. ಅಂಥದ್ದನ್ನು ಮತ್ತೆ ಒಂದು ವಾರ ತಾಯಿಯ ಜೊತೆ ಬಿಡುವುದೇ ಲೇಸು.

ತಾಯಿ ಹೋದ ಮೊದಲ ಎರಡು ಮೂರು ದಿನ ಮರಿಗಳು ಕೇಳಿದಷ್ಟು ಕೊಡುವುದಿಲ್ಲ. ದಿನಕ್ಕೆ ನಾಲ್ಕೈದು ಸಲ, ಹತ್ತು ನಿಮಿಷದಲ್ಲಿ ಬಾನಿ ಖಾಲಿಯಾಗುವಷ್ಟು ಮಾತ್ರ. ಕೊನೆಯ ಊಟ ನಾವು ಮಲಗುವ ಮುಂಚೆ. ಬೆಳಗ್ಗೆ ಉಗುರುಬೆಚ್ಚಗಿನ ನೀರು. ತಣ್ಣೀರಿಟ್ಟರೆ ಕುಡಿಯುವುದೇ ಕಡಿಮೆ, ನೀರು ಕಡಿಮೆಯಾದರೆ ಊಟವೂ ಕಡಿಮೆ. ವಾರದ ಹೊತ್ತಿಗೆ ಫೀಡ್ ದಿನಕ್ಕೆ ತಲೆಗೆ ಅರ್ಧ ಕೆ.ಜಿ. ಹತ್ತಿರ ಬರುತ್ತದೆ, ಎರಡು ತಿಂಗಳ ವಯಸ್ಸಿಗೆ ಮುಕ್ಕಾಲು. ಭೇದಿ ಕಂಡರೆ ಅರ್ಧ ದಿನ ಫೀಡ್ ನಿಲ್ಲಿಸಿ ಬೆಲ್ಲ, ಉಪ್ಪು ಹಾಕಿದ ನೀರು ಮುಂದಿಡುತ್ತೇನೆ. ಕಣ್ಣು ಗುಳಿ ಬೀಳುತ್ತಿದ್ದರೆ ಕಾಯುವುದಿಲ್ಲ, ಡಾಕ್ಟರಿಗೆ ಫೋನ್.

ಹುಟ್ಟಿದ ಮೂರನೇ ದಿನದ ಕಬ್ಬಿಣದ ಇಂಜೆಕ್ಷನ್ ಆಗಿರಲೇಬೇಕು, ಹಂದಿ ಹಾಲಲ್ಲಿ ಕಬ್ಬಿಣ ಸಾಲದು, ಬಿಳಿಚಿಕೊಂಡ ಮರಿ ಈ ಚಳಿ ತಡೆಯುವುದಿಲ್ಲ. ಜಂತುಹುಳದ ಔಷಧಿ, ಮಾಮೂಲಿ ಹಂದಿಜ್ವರದ (ಆಫ್ರಿಕನ್ ಅಲ್ಲ) ಲಸಿಕೆ ಎರಡನ್ನೂ ಹಾಲು ಬಿಡಿಸಿದ ವಾರ ಮಾಡಿಸುವುದಿಲ್ಲ. ಮರಿ ಸುಧಾರಿಸಿಕೊಂಡ ಮೇಲೆ ಡಾಕ್ಟರನ್ನು ಕೇಳಿ ಬೇರೆ ಬೇರೆ ದಿನ. ಮಾರುವುದೂ ಆಮೇಲೆಯೇ.

ತಾಯಿಗೆ ಹಾಲು ಬಿಡಿಸಿದ ದಿನ ಮೇವು ಅರ್ಧ ಮಾಡಿದರೆ ಕೆಚ್ಚಲು ಬೇಗ ಇಳಿಯುತ್ತದೆ. ಮಾರನೇ ದಿನದಿಂದ ಮತ್ತೆ ಏರಿಸಬೇಕು, ಯಾಕೆಂದರೆ ನಾಲ್ಕರಿಂದ ಏಳು ದಿನದೊಳಗೆ ಅದು ಬೆದೆಗೆ ಬರುತ್ತದೆ. ಆಗ ಗಬ್ಬ ಕಟ್ಟಿಸಿದರೆ ಮುಂದಿನ ಮರಿಗಳು ಬೇಸಿಗೆಗೆ.