ಲ್ಯುಕೇಮಿಯಾ ಕೋಶ ಎಷ್ಟು ಸಕ್ಕರೆ ತಿನ್ನುತ್ತೆ? ಗ್ಲುಕೋಮೀಟರ್ ಹಿಡಿದು ಅಳೆದ ಕಥೆ

ಮೊದಲ ಸಲ ಕೋಶ ಬೆಳೆಸುವ ಫ್ಲಾಸ್ಕಿನ ದ್ರವ ಹಳದಿಯಾದಾಗ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದುಕೊಂಡು ಬ್ಲೀಚ್ ಹಾಕಿ ಎಲ್ಲವನ್ನೂ ಚೆಲ್ಲಿಬಿಟ್ಟೆ. ಮುಂದಿನ ವಾರ ಮತ್ತೆ ಹಳದಿ. ಈ ಸಲ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ದುಂಡು ದುಂಡು ಕೋಶಗಳು ಬಿಟ್ಟರೆ ಬೇರೇನೂ ಇಲ್ಲ. ಸೋಂಕಲ್ಲ, ಅವು ಉಂಡು ಬಿಟ್ಟ ಹುಳಿ ಅದು.

ನಾನು ಬೆಳಗಾವಿಯ ಒಂದು ಸಣ್ಣ ಲ್ಯಾಬ್‌ನಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಬೆಳೆಸುವುದು ಕೆ562 ಎಂಬ ಕೋಶಗಳನ್ನು. 1970ರ ದಶಕದಲ್ಲಿ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದ್ದ ಒಬ್ಬ ಮಹಿಳೆಯಿಂದ ತೆಗೆದ ಇವು ಇವತ್ತಿಗೂ ಲೋಕದ ಲ್ಯಾಬ್‌ಗಳಲ್ಲೆಲ್ಲಾ ಬೆಳೆಯುತ್ತಿವೆ. ಹೆಚ್ಚುಕಡಿಮೆ ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಆಹಾರ ಆರ್‌ಪಿಎಂಐ 1640 ಎಂಬ ಮೀಡಿಯಂ. ಅದರಲ್ಲಿ ಲೀಟರಿಗೆ 2 ಗ್ರಾಂ ಗ್ಲುಕೋಸ್, ಜೊತೆಗೆ ಫಿನಾಲ್ ರೆಡ್ ಬಣ್ಣ. ಹುಳಿ ಏರಿದರೆ ಹಳದಿ. ಇನ್‌ಕ್ಯುಬೇಟರಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಖಾಲಿಯಾದರೆ ಕಡು ಗುಲಾಬಿ. ಅದನ್ನೂ ಒಂದು ಸೋಮವಾರ ಬೆಳಿಗ್ಗೆ ನೋಡಿದ್ದೇನೆ. ಮೀಟರ್ ನೋಡದೆ ಮನೆಗೆ ಹೋಗಿದ್ದು ನಾನೇ.

ನಮ್ಮದು ಗೋಕಾಕ ಕಡೆಯ ಕಬ್ಬಿನ ಮನೆ. ಅಪ್ಪನಿಗೆ ಈ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅಷ್ಟ್ ಸಕ್ಕರಿ ತಿಂದು ಹುಳಿ ಉಗಳತಾವಂದ್ರ, ಅವಕ್ಕ ಲಾಭ ಏನು?’ ಜರ್ಮನ್ ವಿಜ್ಞಾನಿ ಒಟ್ಟೋ ವಾರ್ಬರ್ಗ್ 1920ರ ದಶಕದಲ್ಲಿ ಕಂಡದ್ದು ಇದನ್ನೇ. ಆಮ್ಲಜನಕ ಬೇಕಾದಷ್ಟಿದ್ದರೂ ಕ್ಯಾನ್ಸರ್ ಕೋಶ ಗ್ಲುಕೋಸನ್ನು ಪೂರ್ತಿ ಸುಡುವುದಿಲ್ಲ. ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲದ ರೂಪ) ಮಾಡಿ ಹೊರಹಾಕುತ್ತದೆ. ಪೂರ್ತಿ ಸುಟ್ಟರೆ ಒಂದು ಗ್ಲುಕೋಸಿಗೆ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಸುಮಾರು 30 ಸಿಗುತ್ತದೆ. ಈ ದಾರಿಯಲ್ಲಿ ಬರೀ 2. ವಾರ್ಬರ್ಗ್ ಇದಕ್ಕೆ ಕೋಶದೊಳಗಿನ ಶಕ್ತಿಯ ಒಲೆಯಾದ ಮೈಟೋಕಾಂಡ್ರಿಯ ಕೆಟ್ಟಿರುವುದೇ ಕಾರಣ ಎಂದುಕೊಂಡರು. ಅಲ್ಲಿ ಅವರು ಎಡವಿದರು. ಹೆಚ್ಚಿನ ಕ್ಯಾನ್ಸರ್ ಕೋಶಗಳಲ್ಲಿ ಅದು ಚೆನ್ನಾಗೇ ಕೆಲಸ ಮಾಡುತ್ತದೆ.

ಅಪ್ಪನಿಗೆ ನಾನು ಕೊಟ್ಟ ಉತ್ತರ: ಮನೆ ಕಟ್ಟುತ್ತಿರುವವರು ತೊಲೆಯಾಗುವ ಕಟ್ಟಿಗೆಯನ್ನು ಒಲೆಗೆ ಹಾಕುತ್ತಾರಾ? ದಿನಕ್ಕೊಮ್ಮೆ ಇಮ್ಮಡಿಯಾಗುವ ಕೋಶಕ್ಕೆ ಶಕ್ತಿಯಷ್ಟೇ ಸಾಲದು. ಹೊಸ ಡಿಎನ್‌ಎ, ಹೊಸ ಕೊಬ್ಬು, ಹೊಸ ಪ್ರೋಟೀನ್ ಎಲ್ಲಾ ಬೇಕು. ಗ್ಲುಕೋಸ್ ಒಡೆಯುವ ದಾರಿಯ ನಡುವೆಯೇ ಅದರ ಒಂದು ಪಾಲು ಅತ್ತ ತಿರುಗುತ್ತದೆ. ಮಿಕ್ಕಿದ್ದು ಲ್ಯಾಕ್ಟೇಟ್ ಆಗಿ ಹೊರಗೆ ಹೋದರೆ ಆ ದಾರಿ ನಿಲ್ಲದೆ ಓಡುತ್ತದೆ. ಮೈಟೋಕಾಂಡ್ರಿಯಕ್ಕೆ ಗ್ಲುಟಮಿನ್ ಎಂಬ ಅಮಿನೋ ಆಮ್ಲ ಬೇರೆ ಸರಬರಾಜಾಗುತ್ತದೆ.

ಇದನ್ನು ಅಳೆಯಲು ದುಬಾರಿ ಯಂತ್ರ ನಮ್ಮಲ್ಲಿಲ್ಲ. ಮೆಡಿಕಲ್ ಅಂಗಡಿಯಿಂದ ಗ್ಲುಕೋಮೀಟರ್ ತಂದೆ. ನಗಬೇಡಿ, ಕೆಲಸ ಆಗುತ್ತದೆ. ಆದರೆ ಆ ಮೀಟರ್ ರಕ್ತಕ್ಕೆಂದು ಮಾಡಿದ್ದು. ಮೀಡಿಯಂನಲ್ಲಿ ರಕ್ತಕಣ ಇಲ್ಲ, ಹಾಗಾಗಿ ಅದು ಹೇಳುವ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಗ್ಲುಕೋಸ್ ಇಲ್ಲದ ಮೀಡಿಯಂಗೆ ತೂಕ ಮಾಡಿದ ಗ್ಲುಕೋಸ್ ಹಾಕಿ ಆರು ಹಂತದ ದ್ರಾವಣ ಮಾಡಿಕೊಂಡೆ. ಪ್ರತಿ ಹೊಸ ಸ್ಟ್ರಿಪ್ ಡಬ್ಬಿಗೂ ಹೊಸ ಗ್ರಾಫ್. ಲ್ಯಾಕ್ಟೇಟ್‌ಗೆ ಮಾತ್ರ ಕಿಟ್ ಬೇಕಾಯಿತು. ಅಲ್ಲೂ ಒಂದು ಕಿರಿಕಿರಿ. ಮೀಡಿಯಂಗೆ ಹಾಕುವ ಕರುವಿನ ಸೀರಮ್‌ನಲ್ಲೇ ಸ್ವಲ್ಪ ಲ್ಯಾಕ್ಟೇಟ್ ಇರುತ್ತದೆ, ಅದನ್ನು ಬದಲಿಸುವ ಎಂಜೈಮ್ ಕೂಡ ಇರುತ್ತದೆ. ಕೋಶವಿಲ್ಲದ ಒಂದು ಫ್ಲಾಸ್ಕ್ ಪಕ್ಕದಲ್ಲಿಟ್ಟು ಅದರ ಅಂಕಿ ಕಳೆಯಬೇಕು. ಎಂಜೈಮ್ ಕೆಲಸ ನಿಲ್ಲಲು ಸ್ಯಾಂಪಲ್ ತೆಗೆದ ಕೂಡಲೇ ಪ್ರೋಟೀನ್ ಬೇರ್ಪಡಿಸಬೇಕು.

ಒಂದು ಗ್ಲುಕೋಸಿನಿಂದ ಹೆಚ್ಚೆಂದರೆ ಎರಡು ಲ್ಯಾಕ್ಟೇಟ್ ಬರುತ್ತದೆ. ನನ್ನ ಕೋಶಗಳ ಲೆಕ್ಕ ಒಂದಕ್ಕಿಂತ ಎರಡಕ್ಕೇ ಹತ್ತಿರವಿತ್ತು.

ಆಮೇಲೆ ಇಮಾಟಿನಿಬ್ ಎಂಬ ಔಷಧಿ ಹಾಕಿ ನೋಡಿದೆ. ಈ ಲ್ಯುಕೇಮಿಯಾವನ್ನು ಓಡಿಸುವುದು ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್. ಗ್ಲುಕೋಸ್ ಒಳಗೆ ಬಿಡುವ ಬಾಗಿಲುಗಳು ಕೋಶದ ಮೈಮೇಲೆ ತೆರೆದೇ ಇರುವಂತೆ ನೋಡಿಕೊಳ್ಳುವುದೂ ಅದೇ. 2001ರಲ್ಲಿ ಬಂದ ಇಮಾಟಿನಿಬ್ ಮಾತ್ರೆ ಅದರ ಬಾಯಿ ಕಟ್ಟುತ್ತದೆ. ಮೂರು ದಿನ ಬಿಟ್ಟು ಅಳೆದರೆ ಲ್ಯಾಕ್ಟೇಟ್ ನೆಲಕಚ್ಚಿತ್ತು. ಕುಣಿದಾಡಿಬಿಟ್ಟೆ. ಸಂಜೆ ಗೈಡ್ ಕೇಳಿದರು: ‘ಎಣಿಸಿದೆಯಾ?’ ಎಣಿಸಿರಲಿಲ್ಲ. ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಟ್ರೈಪಾನ್ ಬ್ಲೂ ಬಣ್ಣ ಹಾಕಿ ನೋಡಿದರೆ ಬಹುಪಾಲು ಕೋಶಗಳು ನೀಲಿ, ಅಂದರೆ ಸತ್ತಿವೆ. ಸತ್ತವು ಲ್ಯಾಕ್ಟೇಟ್ ಎಲ್ಲಿಂದ ಮಾಡಬೇಕು?

ಮತ್ತೆ ಮಾಡಿದೆ. ಈ ಸಲ 24 ಗಂಟೆ ಮಾತ್ರ. ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಎಣಿಸಿ, ಹತ್ತು ಲಕ್ಷ ಜೀವಂತ ಕೋಶಕ್ಕೆ ಎಷ್ಟು ಎಂದು ಲೆಕ್ಕ ಹಾಕಿದೆ. ಇಳಿಕೆ ಆಗಲೂ ಇತ್ತು. ಮೊದಲಿನಷ್ಟು ದೊಡ್ಡದಲ್ಲ, ಆದರೆ ನಿಜವಾದದ್ದು. ಕೋಶ ಸಾಯುವ ಮೊದಲೇ ಸಕ್ಕರೆ ತಿನ್ನುವುದು ಕಡಿಮೆಯಾಗಿತ್ತು.

ಇದನ್ನೆಲ್ಲ ಕೇಳಿದ ನೆಂಟರೊಬ್ಬರು, ‘ಹಾಗಾದರೆ ಪೇಶಂಟಿಗೆ ಕುಂದಾ ಬಿಡಿಸಿದರೆ ಸಾಕಲ್ವಾ?’ ಎಂದರು. ಸಾಲದು. ನಾವು ಉಪವಾಸವಿದ್ದರೂ ಲಿವರ್ ಗ್ಲುಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಕೀಮೋ ನಡೆಯುವಾಗ ಊಟ ಬಿಡಿಸಿದರೆ ಸೊರಗುವುದು ರೋಗಿ. ಅದೂ ಅಲ್ಲದೆ ಎಲ್ಲ ಲ್ಯುಕೇಮಿಯಾವೂ ಒಂದೇ ಥರ ತಿನ್ನುವುದಿಲ್ಲ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾದ ಬೇರಿನಂಥ ಕಾಂಡಕೋಶಗಳು ಜಾಸ್ತಿ ನೆಚ್ಚಿಕೊಂಡಿರುವುದು ಮೈಟೋಕಾಂಡ್ರಿಯವನ್ನೇ. ವೆನೆಟೋಕ್ಲಾಕ್ಸ್ ಮತ್ತು ಅಜಾಸಿಟಿಡಿನ್ ಎಂಬ ಔಷಧಿಗಳ ಜೋಡಿ ಅವುಗಳಿಗೆ ಪೆಟ್ಟು ಕೊಡುವುದು ಅಲ್ಲೇ.

ನನ್ನ ಕೆ562 ಕೂಡ ಹಾಗೆ ಬದುಕಬಲ್ಲವಾ? ಗ್ಲುಕೋಸ್ ತೆಗೆದು ಗ್ಯಾಲಕ್ಟೋಸ್ ಹಾಕಿದೆ. ಇದು ತುಂಬಾ ನಿಧಾನಕ್ಕೆ ಒಡೆಯುವ ಸಕ್ಕರೆ. ಕೋಶ ಮೈಟೋಕಾಂಡ್ರಿಯವನ್ನು ದುಡಿಸಲೇಬೇಕು. ಸೀರಮ್‌ನಲ್ಲೂ ಗ್ಲುಕೋಸ್ ಇರುತ್ತದಲ್ಲ, ಅದಕ್ಕೆ ಡಯಾಲಿಸಿಸ್ ಮಾಡಿದ ಸೀರಮ್ ತರಿಸಿದೆ. ಮೂರನೇ ದಿನ ಫ್ಲಾಸ್ಕ್ ತೆಗೆದೆ. ಮೀಡಿಯಂ ಇನ್ನೂ ಕೆಂಪಗೇ ಇತ್ತು. ಈ ಸಲ ಮೊದಲು ಎಣಿಸಿದೆ. ಕೋಶಗಳ ಸಂಖ್ಯೆ ಕಡಿಮೆ. ನೀಲಿಯಾದವು ಮಾತ್ರ ಅಲ್ಲೊಂದು ಇಲ್ಲೊಂದು.